ಭಯಾನಕ ರಸವೂ ‘ನೊಸ್ಫೆರಾಟು’ ಮೂಕಚಿತ್ರವೂ

ಲೋಕದಲ್ಲಿ ಭಯವನ್ನು ಬೇಡುವವರು ಯಾರೂ ಇಲ್ಲ. ಕತ್ತಲೆಯಲ್ಲಿ ಹಾವನ್ನು ತುಳಿದು ಬದುಕಿದವನು ಮರುದಿನ ಅದೇ ಹಾದಿಯಲ್ಲಿ ಅದೇ ಹಾವನ್ನು ಅರಸಿಕೊಂಡು ಹೋಗುವುದಿಲ್ಲ; ಊರಿಗೆ ಮಾರಿ ಬಂದ ವರ್ಷವನ್ನು ಮನೆಯ ಹಿರಿಯರು ನೆನಪಿಗೆ ತಂದುಕೊಳ್ಳಲೂ ಹಿಂಜರಿಯುತ್ತಾರೆ. ಕಲೆಯ ವಿಷಯದಲ್ಲಿ ಮಾತ್ರ ಮನುಷ್ಯನ ನಡತೆ ಇದಕ್ಕೆ ತೀರ ವಿರುದ್ಧವಾದುದು. ಪ್ರೇತದ ಕಥೆಯನ್ನು ಕೇಳಿ ನಡುಗಿದ ಮಗು ‘ಇನ್ನೊಮ್ಮೆ ಹೇಳು’ ಎಂದು ಅಜ್ಜಿಯ ಸೆರಗನ್ನು ಹಿಡಿಯುತ್ತದೆ. ಈ ಹಟ ವಯಸ್ಸಾದಂತೆ ಬಿಟ್ಟುಹೋಗುವುದೂ ಇಲ್ಲ. 1922ರಲ್ಲಿ ಜರ್ಮನಿ ದೇಶದಲ್ಲಿ ಹೊರಬಂದ ‘ನೊಸ್ಫೆರಾಟು’ ಎಂಬ ಮೂಕಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಮಾತಿಲ್ಲ, ಕಿರಿಚಾಟ ಕಿವಿಗೆ ಬೀಳುವುದಿಲ್ಲ. ನೆತ್ತರೆಂದು ಕಣ್ಣಿಗೆ ಕಾಣುವುದು ಕೊಯ್ದುಕೊಂಡ ಒಂದು ಬೆರಳಿನದು ಮಾತ್ರ. ನೂರು ವರ್ಷ ಕಳೆದಿದ್ದರೂ ಅದನ್ನು ನೋಡುವವರು ಕಡಮೆಯಾಗಿಲ್ಲ. ಕಥೆಯ ಕೊನೆಯವರೆಗೆ ಎಲ್ಲವನ್ನೂ ಬಲ್ಲವರೇ ಮತ್ತೆ ಮತ್ತೆ ಬಂದು ಕುಳಿತು, ಬಲ್ಲ ಸ್ಥಳದಲ್ಲಿಯೇ ಮತ್ತೆ ಹೆದರುತ್ತಾರೆ. ಈ ಹೆದರಿಕೆಯ ಮೂಲವೆಲ್ಲಿ? ಅದರ ಸವಿಯೆಂತಹುದು?

ಚಿತ್ರದ ಹುಟ್ಟು ಬೆಳವಣಿಗೆಗಳ ಚರಿತ್ರೆಯೇ ಒಂದು ಪ್ರೇತಕಥೆಯಂತಿದೆ. ಅದನ್ನು ತಯಾರಿಸಿದ ಸಂಸ್ಥೆಯ ಹೆಸರು ‘ಪ್ರಾಣ’. ಅದು ಸಂಸ್ಕೃತದ ಪ್ರಾಣಶಬ್ದವೇ. ಸಂಸ್ಥೆಯ ಮುಖ್ಯರಲ್ಲಿ ಒಬ್ಬನೂ ಚಿತ್ರದ ವೇಷಭೂಷಣ ಸನ್ನಿವೇಶಗಳನ್ನು ರೂಪಿಸಿದವನೂ ಆದ ಆಲ್ಬಿನ್ ಗ್ರೌ ಎಂಬಾತನು ಗೂಢವಿದ್ಯೆಗಳಲ್ಲಿ ಆಸಕ್ತನಾಗಿದ್ದನು. ಕಥಾವಸ್ತುವನ್ನು ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯಿಂದ ತೆಗೆದುಕೊಂಡು, ಹೆನ್ರಿಕ್ ಗಾಲೀನ್ ಎಂಬ ಲೇಖಕನು ಹೆಸರುಗಳನ್ನು ಬದಲಿಸಿ ಚಿತ್ರಕ್ಕೆ ಹೊಂದಿಸಿದನು. ನಿರ್ದೇಶಕ ಫ್ರೀಡ್ರಿಕ್ ವಿಲ್‌ಹೆಲ್ಮ್ ಮುರ್ನೌ; ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವನು. 1922ನೆಯ ಮಾರ್ಚಿ 4ರಂದು ಬರ್ಲಿನ್ ನಗರದ ಮೃಗಾಲಯದ ಅಮೃತಶಿಲೆಯ ಸಭಾಂಗಣದಲ್ಲಿ ಚಿತ್ರದ ಮೊದಲ ಪ್ರದರ್ಶನವಾಯಿತು. ಕಾದಂಬರಿಕಾರನು ಅಷ್ಟರಲ್ಲಿಯೇ ತೀರಿಹೋಗಿದ್ದನು. ಆತನ ವಿಧವೆ ಫ್ಲಾರೆನ್ಸ್ ಸ್ಟೋಕರ್, ತನ್ನ ಅಪ್ಪಣೆಯಿಲ್ಲದೆ ಕಥೆಯನ್ನು ಬಳಸಿದರೆಂದು ದಾವೆ ಹೂಡಿದಳು. ಸಂಸ್ಥೆ ದಿವಾಳಿಯಾಯಿತು, ಅದು ತಯಾರಿಸಿದ ಚಿತ್ರ ಇದೊಂದೇ. 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯದ ತೀರ್ಪಾಯಿತು. ಆದರೆ ಅಷ್ಟು ಹೊತ್ತಿಗೆ ಕೆಲವು ಪ್ರತಿಗಳು ಗಡಿ ದಾಟಿ ಬೇರೆ ದೇಶಗಳನ್ನು ಸೇರಿದ್ದವು. ಮರಣದಂಡನೆಯಾದ ಮೇಲೂ ಸಾಯದೆ ಊರೂರು ತಿರುಗಿದ ಪ್ರೇತದ ಕಥೆ, ಚಿತ್ರದ ಒಳಗಿರುವಂತೆ ಹೊರಗೂ ನಡೆಯಿತು ಎನ್ನಬಹುದು.

ಕಥೆಯನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. 1838ರಲ್ಲಿ ವಿಸ್‌ಬೋರ್ಗ್ ಎಂಬ ಕಲ್ಪಿತವಾದ ಬಂದರು ಪಟ್ಟಣ. ಅಲ್ಲಿ ಹುಟ್ಟರ್ ಎಂಬ ತರುಣನೂ ಅವನ ಹೆಂಡತಿ ಎಲೆನ್ ಎಂಬವಳೂ ಇದ್ದಾರೆ. ಹುಟ್ಟರನ ಯಜಮಾನ ನಾಕ್ ಎಂಬವನು ಮನೆಗಳ ದಳ್ಳಾಳಿ. ದೂರದ ಬೆಟ್ಟನಾಡಿನ ಆರ್ಲಾಕ್ ಎಂಬ ಪ್ರಭುವಿಗೆ ಊರಿನಲ್ಲಿ ಒಂದು ಮನೆ ಬೇಕಾಗಿದೆಯೆಂದು ಅವನು ಹುಟ್ಟರನನ್ನು ಅಲ್ಲಿಗೆ ಕಳುಹಿಸುತ್ತಾನೆ. ಆರ್ಲಾಕನು ರಕ್ತ ಕುಡಿದು ಬದುಕುವ ಪ್ರೇತ. ಪಶ್ಚಿಮ ದೇಶದವರು ವ್ಯಾಂಪೈರ್ ಎಂದು ಕರೆಯುವ ಜಾತಿಯದು. ಹುಟ್ಟರನ ಕೈಯಲ್ಲಿದ್ದ ಎಲೆನಳ ಚಿತ್ರವನ್ನು ನೋಡಿ ಅವನು ಕ್ರಯಪತ್ರಕ್ಕೆ ರುಜು ಹಾಕುತ್ತಾನೆ. ತನ್ನ ನೆಲದ ಮಣ್ಣು ತುಂಬಿದ ಶವಪೆಟ್ಟಿಗೆಗಳೊಡನೆ ಹಡಗು ಹತ್ತುತ್ತಾನೆ. ಹಡಗಿನವರೆಲ್ಲ ಸಾಯುತ್ತಾರೆ, ಊರಿಗೆ ಇಲಿಗಳೂ ಪ್ಲೇಗೂ ಬರುತ್ತವೆ. ನಿಷ್ಪಾಪಳಾದ ಸ್ತ್ರೀಯೊಬ್ಬಳು ತಾನಾಗಿ ಒಪ್ಪಿ ರಕ್ತವನ್ನಿತ್ತು, ಕೋಳಿ ಕೂಗುವುದನ್ನು ಅವನು ಮರೆಯುವಂತೆ ಮಾಡಿದರೆ ಮಾತ್ರ ಪ್ರೇತಕ್ಕೆ ಅಂತ್ಯವೆಂದು ಎಲೆನ್ ಒಂದು ಪುಸ್ತಕದಲ್ಲಿ ಓದುತ್ತಾಳೆ; ಹಾಗೆಯೇ ಮಾಡಿ ಪ್ರಾಣ ಬಿಡುತ್ತಾಳೆ. ಬೆಳಗಿನ ಬಿಸಿಲಿನಲ್ಲಿ ಆರ್ಲಾಕನು ಕರಗಿಹೋಗುತ್ತಾನೆ.

ಈ ಚಿತ್ರದ ಹಿರಿಮೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುವುದುಂಟು. ಮೊದಲನೆಯದು, ಪ್ರೇತದ ಪಾತ್ರವನ್ನು ವಹಿಸಿದ ಮಾಕ್ಸ್ ಶ್ರೆಕ್ ಎಂಬ ನಟನ ವಿಕಾರರೂಪ: ಬೋಳುತಲೆ, ಚೂಪಾದ ಕಿವಿ, ಇಲಿಯ ಹಲ್ಲು, ಹದ್ದಿನ ಉಗುರು. (ಜರ್ಮನ್ ಭಾಷೆಯಲ್ಲಿ ಶ್ರೆಕ್ ಎಂದರೆ ಹೆದರಿಕೆಯೆಂದೇ ಅರ್ಥ, ಅದು ಆತನ ಮನೆತನದ ಹೆಸರಾಗಿದ್ದುದು ಕಾಕತಾಳೀಯ.) ಎರಡನೆಯದು, ಛಾಯಾಗ್ರಹಣದ ಚಮತ್ಕಾರಗಳು: ನೆಗೆಟಿವ್ ಚಿತ್ರವನ್ನೇ ತೋರಿಸಿ ಕಾಡನ್ನು ಬಿಳಿಯದಾಗಿಯೂ ಆಕಾಶವನ್ನು ಕಪ್ಪಾಗಿಯೂ ಮಾಡಿದ್ದು, ಗಾಡಿಯನ್ನು ಅಸಹಜವಾದ ವೇಗದಲ್ಲಿ ಓಡಿಸಿದ್ದು, ಹಡಗಿನ ಮುಚ್ಚಳ ತಾನಾಗಿ ತೆರೆದುಕೊಳ್ಳುವುದು ಮುಂತಾದವು. ಇವೆರಡೂ ಸಾಲದ ಕಾರಣಗಳು. ವಿಕಾರರೂಪವನ್ನು ಒಂದು ಸಲ ನೋಡಿದರೆ ಬೆಚ್ಚುತ್ತಾರೆ. ಹತ್ತು ಸಲ ನೋಡಿದರೆ ಅದು ಪರಿಚಯದ ಮುಖವಾಗುತ್ತದೆ. ಚಮತ್ಕಾರಗಳ ಗತಿಯೂ ಅಷ್ಟೆ. ಆರ್ಲಾಕನು ಶವಪೆಟ್ಟಿಗೆಗಳನ್ನು ಗಾಡಿಗೆ ಏರಿಸುವಾಗಿನ ಆ ಅವಸರ, ಅಂದು ಅಲೌಕಿಕವಾಗಿ ಕಂಡದ್ದು, ಇಂದು ನಗೆ ತರಿಸುತ್ತದೆ. ತೋಳವೆಂಬಂತೆ ತೋರಿಸಿದ ಪ್ರಾಣಿ ಕತ್ತೆಕಿರುಬವೆಂದು ಯಾರಿಗಾದರೂ ತಿಳಿಯುತ್ತದೆ. ಹುಟ್ಟರನ ಪಾತ್ರಧಾರಿಯ ನಗು ಅಳುಗಳು ರಂಗಭೂಮಿಯ ಹಿಂದಿನ ಸಾಲಿಗೂ ಮುಟ್ಟಲೆಂಬಂತೆ ಅತಿಯಾಗಿವೆ. ಇಷ್ಟೆಲ್ಲ ದೋಷಗಳನ್ನು ಕಂಡು ನಕ್ಕ ಪ್ರೇಕ್ಷಕನೇ ಮತ್ತೆ ಕಾಲು ಗಂಟೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರುತ್ತಾನೆ. ಚಮತ್ಕಾರವು ಹಳತಾದರೂ ಹಳತಾಗದ ಭಯವೊಂದು ಚಿತ್ರದಲ್ಲಿದೆ.

ಇಂತಹ ಭಯದ ಸ್ವರೂಪವನ್ನು ವಿಚಾರಿಸುವುದಕ್ಕೆ ನಮ್ಮ ಆಲಂಕಾರಿಕರ ಮಾತು ಬಹಳ ಸಹಾಯಕವಾಗಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಕಾರಣಗಳಾಗಿ ವಿಕಾರವಾದ ಧ್ವನಿ, ಭೂತಗಳ ದರ್ಶನ, ಕಾಡಿನಲ್ಲಿಯೂ ಪಾಳುಮನೆಯಲ್ಲಿಯೂ ಹೋಗುವುದು ಮೊದಲಾದವನ್ನು ಎಣಿಸುತ್ತಾನೆ. ಈ ರಸದ ಬಣ್ಣ ಕಪ್ಪು, ಅಧಿದೇವತೆ ಕಾಲ ಎನ್ನುತ್ತಾನೆ. ಪ್ರೇತ, ಕಾಡು, ಪಾಳುಮನೆ: ಮೂರೂ ಮುರ್ನೌನ ಚಿತ್ರದಲ್ಲಿವೆ. ಆದರೆ ಸಾಮಗ್ರಿಯ ಪಟ್ಟಿಯಿಂದ ರಸ ಹುಟ್ಟದು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತ ಈ ವಿಷಯದಲ್ಲಿ ಒಂದು ಅಪೂರ್ವವಾದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಪ್ರಾಣಭಯದಿಂದ ಓಡುವ ಜಿಂಕೆ ಬರುವುದಷ್ಟೆ. ಅದನ್ನು ಕಂಡ ಸಹೃದಯನಿಗೆ ‘ನನಗೆ ಭಯವಾಗಿದೆ’ ಎಂದಾಗಲಿ, ‘ನನ್ನ ಶತ್ರುವಿಗೆ, ನನ್ನ ಮಿತ್ರನಿಗೆ ಭಯವಾಗಿದೆ’ ಎಂದಾಗಲಿ ತೋರುವುದಿಲ್ಲ. ಆ ಜಿಂಕೆ ಇಂಥದೇ ಒಂದು ಜಿಂಕೆಯಲ್ಲ, ಹೆದರಿಸುವವನೂ ನಿಜವಲ್ಲ, ದೇಶಕಾಲಗಳ ಕಟ್ಟು ಕಳಚಿದ ಭಯವೊಂದೇ ಎದುರಿಗೆ ನಿಲ್ಲುತ್ತದೆ. ಸರಳವಾಗಿ ಹೇಳಿದರೆ, ರಸವಾದ ಭಯಕ್ಕೆ ಒಡೆಯನಿಲ್ಲ. ಅದು ಯಾರದೂ ಅಲ್ಲದ್ದರಿಂದಲೇ ಎಲ್ಲರದೂ ಆಗುತ್ತದೆ. ಲೌಕಿಕವಾದ ಭಯವು ಓಡುವಂತೆ ಮಾಡುತ್ತದೆ; ಒಡೆಯನಿಲ್ಲದ ಭಯವು ನಿಂತು ನೋಡುವಂತೆ ಮಾಡುತ್ತದೆ.

ಈ ಒಂದು ಮಾತನ್ನು ಹಿಡಿದು ನೋಡಿದರೆ ‘ನೊಸ್ಫೆರಾಟು’ವಿನ ಶಕ್ತಿಯೂ ತಿಳಿಯುತ್ತದೆ, ಅದರ ಅಪಾಯವೂ ತಿಳಿಯುತ್ತದೆ.

ಮೊದಲು ಶಕ್ತಿಯ ವಿಚಾರ. ಇದಕ್ಕೆ ಎರಡು ವರ್ಷ ಮುಂಚೆ, 1920ರಲ್ಲಿ, ರಾಬರ್ಟ್ ವೀನೆಯು ನಿರ್ದೇಶಿಸಿದ ‘ಡಾಕ್ಟರ್ ಕಾಲಿಗಾರಿಯ ಪೆಟ್ಟಿಗೆ’ ಎಂಬ ಚಿತ್ರವು ಬಹಳ ಖ್ಯಾತಿ ಪಡೆದಿತ್ತು. ಅದರಲ್ಲಿ ಬೀದಿ, ಮನೆ, ಮರ, ನೆರಳು ಎಲ್ಲವೂ ಬಟ್ಟೆಯ ಮೇಲೆ ಸೊಟ್ಟಸೊಟ್ಟಾಗಿ ಬರೆದವು; ಲೋಕವೇ ಹುಚ್ಚನ ಕಣ್ಣಿನಿಂದ ಕಂಡಂತಿದೆ. ಅದನ್ನು ನೋಡುವವನು ‘ಇದು ಹುಚ್ಚನ ಲೋಕ’ ಎಂದುಕೊಂಡು ನಿಶ್ಚಿಂತನಾಗಬಹುದು. ಅಲ್ಲಿನ ಭಯಕ್ಕೆ ಒಡೆಯನಿದ್ದಾನೆ. ಮುರ್ನೌ ಈ ದಾರಿಯನ್ನು ಬಿಟ್ಟನು. ಆತನು ಯಂತ್ರವನ್ನು ಹೊತ್ತು ಬಯಲಿಗೆ ಹೋದನು. ವಿಸ್ಮಾರ್, ಲ್ಯೂಬೆಕ್ ಎಂಬ ಹಳೆಯ ಬಂದರು ಪಟ್ಟಣಗಳ ನಿಜವಾದ ಬೀದಿಗಳು. ಲ್ಯೂಬೆಕಿನ ಹೊಳೆಯ ದಡದಲ್ಲಿ ಶತಮಾನಗಳಿಂದ ನಿಂತಿರುವ ಉಪ್ಪಿನ ಉಗ್ರಾಣಗಳು. ಸ್ಲೊವಾಕಿಯಾದ ಬಂಡೆಯ ಮೇಲಿನ ಓರವಾ ಕೋಟೆ. ನಿಜವಾದ ಗಾಳಿ, ನಿಜವಾದ ಅಲೆ. ಉಪ್ಪಿನ ಉಗ್ರಾಣವೇ ಆರ್ಲಾಕನು ಕೊಂಡ ಮನೆ. ಗಾಳಿಗೆ ಹುಲ್ಲು ಬಾಗುತ್ತದೆ, ಕುದುರೆಗಳು ಬೆದರಿ ಓಡುತ್ತವೆ, ಹಾಯಿಗಳು ತುಂಬಿಕೊಳ್ಳುತ್ತವೆ. ಇವುಗಳಲ್ಲಿ ಯಾವುದೂ ಪ್ರೇತವಲ್ಲ, ಎಲ್ಲದರಲ್ಲಿಯೂ ಪ್ರೇತದ ಬರವಿದೆ. ಚಿತ್ರದ ನಡುವೆ ಪ್ರೊಫೆಸರ್ ಬುಲ್ವರನು ತನ್ನ ಶಿಷ್ಯರಿಗೆ ನೊಣ ಹಿಡಿಯುವ ಗಿಡವೊಂದನ್ನೂ, ಮೈಯೇ ಇಲ್ಲವೆಂಬಷ್ಟು ಪಾರದರ್ಶಕವಾಗಿ ನೀರಿನಲ್ಲಿ ಕೈಗಳನ್ನು ಚಾಚುವ ಒಂದು ಸಣ್ಣ ಜೀವಿಯನ್ನೂ ತೋರಿಸುತ್ತಾನೆ. ಕಥೆಗೆ ಅನಾವಶ್ಯಕವೆಂದು ತೋರುವ ಈ ಪಾಠವು ವಸ್ತುತಃ ಚಿತ್ರದ ಕೇಂದ್ರ. ಒಂದು ಜೀವ ಇನ್ನೊಂದು ಜೀವವನ್ನು ಹೀರಿ ಬದುಕುವುದು ಎಲ್ಲಿಯೋ ಬೆಟ್ಟದ ಕೋಟೆಯಲ್ಲಿರುವ ವಿಪರೀತವಲ್ಲ. ಅದು ಕನ್ನಡಿಯ ಪಾತ್ರೆಯ ನೀರಿನಲ್ಲಿಯೂ ನಡೆಯುತ್ತದೆ. ಹೀಗೆ ಭಯವು ಆರ್ಲಾಕನ ಮೈಯಿಂದ ಬಿಡಿಸಿಕೊಂಡು ಲೋಕದಲ್ಲೆಲ್ಲ ಹರಡುತ್ತದೆ.

ಆರ್ಲಾಕನು ತೆರೆಯ ಮೇಲೆ ಇರುವುದೂ ಅಲ್ಪಕಾಲವೇ. ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ಅವನು ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾನೆ. ಉಳಿದ ಹೊತ್ತೆಲ್ಲ ಅವನು ಬರುತ್ತಿರುತ್ತಾನೆ. ಈ ‘ಬರುವಿಕೆ’ಯನ್ನು ಚಿತ್ರಿಸುವುದರಲ್ಲಿ ಮುರ್ನೌನನ್ನು ಮೀರಿಸಿದವರು ವಿರಳ. ಕೋಟೆಯಿಂದ ತಪ್ಪಿಸಿಕೊಂಡ ಹುಟ್ಟರನು ನೆಲದ ಹಾದಿಯಲ್ಲಿ ಊರಿಗೆ ಓಡುತ್ತಿದ್ದಾನೆ. ಆರ್ಲಾಕನ ಹಡಗು ಸಮುದ್ರದ ಹಾದಿಯಲ್ಲಿ ಊರಿಗೆ ಸಾಗುತ್ತಿದೆ. ಎಲೆನ್ ನಿದ್ದೆಯಲ್ಲಿ ಎದ್ದು, ಅವನು ಬರುತ್ತಿದ್ದಾನೆ, ತಾನು ಅವನ ಬಳಿಗೆ ಹೋಗಬೇಕು ಎನ್ನುತ್ತಾಳೆ. ಅವನೆಂದರೆ ಯಾರು? ಗಂಡನೋ ಪ್ರೇತವೋ? ಚಿತ್ರವು ಉತ್ತರ ಹೇಳುವುದಿಲ್ಲ. ಹಡಗಿನ ಭಾಗವಂತೂ ಭಯಾನಕ ರಸಕ್ಕೆ ಉತ್ತಮೋತ್ತಮ ಉದಾಹರಣೆ. ನಾವಿಕರು ಒಬ್ಬೊಬ್ಬರಾಗಿ ಸಾಯುತ್ತಾರೆ. ಆರ್ಲಾಕನು ಶವಪೆಟ್ಟಿಗೆಯಿಂದ ಮೊಣಕಾಲು ಮಡಿಸದೆ, ಹಲಗೆಯನ್ನು ಎತ್ತಿ ನಿಲ್ಲಿಸಿದಂತೆ ನೆಟ್ಟಗೆ ಏಳುತ್ತಾನೆ. ಕಪ್ತಾನನು ತನ್ನನ್ನು ಚುಕ್ಕಾಣಿಗೆ ಕಟ್ಟಿಕೊಳ್ಳುತ್ತಾನೆ. ಆಮೇಲೆ ನಡೆಸುವವರಿಲ್ಲದ ಹಡಗು ಮೆಲ್ಲನೆ, ಸದ್ದಿಲ್ಲದೆ, ಬಂದರಿನೊಳಕ್ಕೆ ಜಾರಿಕೊಂಡು ಬರುತ್ತದೆ. ಆ ದೃಶ್ಯದಲ್ಲಿ ವಿಕಾರವಾದುದು ಒಂದೂ ಇಲ್ಲ. ಬಂದರಿಗೆ ಹಡಗು ಬರುವುದು ದಿನನಿತ್ಯದ ಸಂಗತಿ. ಆದರೂ ನೋಡುವವರ ಮೈ ತಣ್ಣಗಾಗುವುದು ಅಲ್ಲಿಯೇ.

ಇನ್ನೊಂದು ಅಂಶವಿದೆ. ಭರತನು ಭಯಾನಕ ರಸವು ಬೀಭತ್ಸದಿಂದ ಹುಟ್ಟುತ್ತದೆ ಎಂದು ಹೇಳಿದ್ದಾನೆ. ಜುಗುಪ್ಸೆಗೂ ಹೆದರಿಕೆಗೂ ಇರುವ ಈ ನಂಟನ್ನು ತಿಳಿದವನಂತೆ ಮುರ್ನೌ ಕಥೆಯನ್ನು ನಡೆಸಿದ್ದಾನೆ. ಸ್ಟೋಕರನ ಕಾದಂಬರಿಯಲ್ಲಿ ಪ್ರೇತವು ಒಬ್ಬಿಬ್ಬರನ್ನು ಆರಿಸಿಕೊಂಡು ಕೆಡಿಸುತ್ತದೆ. ಇಲ್ಲಿ ಅದು ಇಡೀ ಊರಿಗೆ ಮಾರಿಯಾಗಿ ಬರುತ್ತದೆ. ಮಣ್ಣಿನ ಪೆಟ್ಟಿಗೆಯನ್ನು ಒಡೆದರೆ ಹೊರಬರುವುದು ಇಲಿಗಳು. ಊರಿನಲ್ಲಿ ತಮಟೆಯವನು ಸಾರುತ್ತಾನೆ. ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ರೋಗ ಹೊಕ್ಕ ಮನೆಗಳ ಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಇಕ್ಕಟ್ಟಾದ ಬೀದಿಯಲ್ಲಿ ಶವಪೆಟ್ಟಿಗೆಗಳನ್ನು ಹೊತ್ತವರ ಸಾಲು ನಡೆದು ಬರುತ್ತದೆ. 1922ರ ಜರ್ಮನ್ ಪ್ರೇಕ್ಷಕರಿಗೆ ಇದು ಕಲ್ಪನೆಯಾಗಿ ಕಂಡಿರಲಾರದು. ಯುದ್ಧದಲ್ಲಿ ಆ ದೇಶದ ಸುಮಾರು 20 ಲಕ್ಷ ಸೈನಿಕರು ಮಡಿದಿದ್ದರು. 1918ರ ಇನ್‌ಫ್ಲುಯೆಂಜಾ ಮಾರಿ ಅದರ ಬೆನ್ನಿಗೆ ಬಂದಿತ್ತು. 2020ರಲ್ಲಿ ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಕುಳಿತಿದ್ದವರಿಗೂ ಆ ಬರಿದಾದ ಬೀದಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರು ಕಲ್ಪಿತ, ಕಾಲ ಕಲ್ಪಿತ. ಆದುದರಿಂದಲೇ ಯಾವ ಕಾಲದ ಯಾವ ಊರಿನವರಾದರೂ ಅದರೊಳಗೆ ಹೊಗಬಲ್ಲರು.

ಈಗ ಅಪಾಯದ ಮಾತು. ಒಡೆಯನಿಲ್ಲದ ಭಯವನ್ನು ತಾಳುವುದು ಜನಸಮೂಹಕ್ಕೆ ಕಷ್ಟ. ಕಾರಣ ಕಾಣದ ಸಂಕಟಕ್ಕೆ ಕಾರಣನೊಬ್ಬನನ್ನು ಹಿಡಿದು ನಿಲ್ಲಿಸಿದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ. ವಿಸ್‌ಬೋರ್ಗಿನವರು ಮಾಡುವುದೂ ಇದನ್ನೇ. ಬುದ್ಧಿ ಕೆಟ್ಟು ಸೆರೆಯಲ್ಲಿದ್ದ ದಳ್ಳಾಳಿ ನಾಕನು ತಪ್ಪಿಸಿಕೊಂಡನೆಂದು ತಿಳಿದ ಕೂಡಲೆ, ಮಾರಿಗೆ ಅವನೇ ಕಾರಣನೆಂದು ನಿಶ್ಚಯಿಸಿ ಊರಿಗೆ ಊರೇ ಅವನ ಬೆನ್ನಟ್ಟುತ್ತದೆ, ಕಲ್ಲು ಬೀರುತ್ತದೆ. ಹೊಲದ ನಡುವೆ ನಿಂತಿದ್ದ ಒಂದು ಆಕಾರವನ್ನು ದೂರದಿಂದ ಕಂಡು ‘ಅಗೋ’ ಎಂದು ನುಗ್ಗುತ್ತದೆ. ಹತ್ತಿರ ಹೋಗಿ ಹರಿದು ಕೆಡವಿದ ಮೇಲೆ ನೋಡಿದರೆ ಅದು ಬರಿಯ ಬೆದರುಗೊಂಬೆ. ನಿಜವಾದ ಪ್ರೇತವು ಆ ಹೊತ್ತಿನಲ್ಲಿ ತಾನು ಕೊಂಡ ಮನೆಯಲ್ಲಿ, ಕ್ರಯಪತ್ರದ ಹಕ್ಕಿನಿಂದ, ಸುಖವಾಗಿದೆ. ಜನರ ಭಯವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ದೃಶ್ಯಗಳು ಹೆಚ್ಚು ಇರಲಾರವು.

ಆದರೆ ಊರಿನವರಲ್ಲಿ ಕಂಡ ಈ ದೋಷದಿಂದ ಚಿತ್ರವು ತಾನು ಪೂರ್ತಿ ಪಾರಾಗಿದೆಯೆ? ಅನೇಕ ವಿಮರ್ಶಕರು ಇಲ್ಲವೆಂದಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಕ್ಕೆಮೂಗು, ಪೂರ್ವದೇಶದಿಂದ ಬರವು, ಮನೆ ಕೊಳ್ಳುವ ವ್ಯವಹಾರ, ಜೊತೆಗೆ ಇಲಿ ಮತ್ತು ರೋಗ: ಇವೆಲ್ಲ ಆ ಕಾಲದ ಜರ್ಮನಿಯಲ್ಲಿ ಯೆಹೂದ್ಯರನ್ನು ಹಳಿಯುವವರು ಬರೆಯುತ್ತಿದ್ದ ವ್ಯಂಗ್ಯಚಿತ್ರಗಳ ಲಕ್ಷಣಗಳೇ. ಚಿತ್ರದ ಕರ್ತೃಗಳ ಉದ್ದೇಶ ಅದಾಗಿತ್ತೆಂದು ಹೇಳಲು ಆಧಾರ ಸಾಲದು. ನಾಕನ ಪಾತ್ರವನ್ನು ವಹಿಸಿದ ಅಲೆಕ್ಸಾಂಡರ್ ಗ್ರಾನಾಕ್ ಎಂಬ ಸಮರ್ಥ ನಟನು ಸ್ವತಃ ಯೆಹೂದ್ಯನು. ಆದರೂ ಕೃತಿಯು ಕರ್ತೃವಿನ ಉದ್ದೇಶವನ್ನು ಮೀರಿ ಮಾತನಾಡುವುದುಂಟು. ಆ ಮುಖವನ್ನು ಕಂಡು ತನ್ನ ನೆರೆಯವನನ್ನು ನೆನೆದುಕೊಂಡ ಪ್ರೇಕ್ಷಕನು ಅಂದು ಇದ್ದಿರಲಾರನೆಂದು ಯಾರು ಹೇಳಬಲ್ಲರು? ಚಿತ್ರ ಹೊರಬಂದ 11 ವರ್ಷಗಳಲ್ಲಿ, 1933ರಲ್ಲಿ, ಒಂದು ರಾಷ್ಟ್ರದ ಸಂಕಟಗಳಿಗೆಲ್ಲ ಒಂದೇ ಜನಾಂಗವನ್ನು ಕಾರಣವೆಂದು ಬೆಟ್ಟುಮಾಡಿ ತೋರಿಸಿದವರ ಕೈಗೆ ಆ ದೇಶದ ಅಧಿಕಾರ ಸೇರಿತು. ತೆರೆಯ ಮೇಲೆ ಕಲ್ಲೇಟು ತಪ್ಪಿಸಿಕೊಂಡು ಓಡಿದ್ದ ಗ್ರಾನಾಕನು ನಿಜವಾಗಿಯೂ ದೇಶ ಬಿಟ್ಟು ಓಡಬೇಕಾಯಿತು. 1945ರಲ್ಲಿ ನ್ಯೂಯಾರ್ಕಿನಲ್ಲಿ ಆತನು ತೀರಿಕೊಂಡನು. ಈ ಸಂಗತಿಯನ್ನು ತಿಳಿದ ಮೇಲೆ ಬೆದರುಗೊಂಬೆಯ ದೃಶ್ಯವನ್ನು ಮೊದಲಿನ ಮನಸ್ಸಿನಿಂದ ನೋಡುವುದು ಸಾಧ್ಯವಿಲ್ಲ.

ಆದುದರಿಂದ ಈ ಚಿತ್ರದ ಗುಣದೋಷಗಳನ್ನು ಅಳೆಯುವ ಕೋಲು ಒಂದೇ. ಎಲ್ಲೆಲ್ಲಿ ಭಯವು ಒಂದು ಮುಖಕ್ಕೆ ಅಂಟಿಕೊಂಡಿದೆಯೋ ಅಲ್ಲಲ್ಲಿ ಅದು ಹಳತಾಗಿದೆ, ಕೆಲವೆಡೆ ಹಾನಿಕರವೂ ಆಗಿದೆ. ಎಲ್ಲೆಲ್ಲಿ ಅದು ಮುಖವನ್ನು ಬಿಟ್ಟು ನೆರಳಾಗಿ, ಗಾಳಿಯಾಗಿ, ತಾನಾಗಿ ತೆರೆಯುವ ಬಾಗಿಲಾಗಿ ನಿಂತಿದೆಯೋ ಅಲ್ಲಲ್ಲಿ ಅದು ಮೊದಲ ದಿನದಂತೆಯೇ ಹೊಸದಾಗಿದೆ. ಕೊನೆಯ ಭಾಗದಲ್ಲಿ ಆರ್ಲಾಕನು ಎಲೆನಳ ಕೋಣೆಗೆ ಹೋಗುವಾಗ ಪ್ರೇಕ್ಷಕರಿಗೆ ಕಾಣುವುದು ಅವನ ದೇಹವಲ್ಲ; ಮೆಟ್ಟಿಲಿನ ಗೋಡೆಯ ಮೇಲೆ ಏರಿಹೋಗುವ ನೆರಳು. ಬಾಗಿಲಿಗೆ ಚಾಚುವುದು ನೆರಳಿನ ಕೈ. ಎಲೆನಳ ಬಿಳಿಯ ಉಡುಪಿನ ಮೇಲೆ ಹರಿದು ಬಂದು ಎದೆಯ ಸ್ಥಾನದಲ್ಲಿ ಮುಷ್ಟಿ ಕಟ್ಟುವುದೂ ನೆರಳೇ. ನೆರಳಿಗೆ ಜಾತಿಯಿಲ್ಲ, ದೇಶವಿಲ್ಲ, ಮೂಗಿನ ಆಕಾರದ ಗುರುತಿಲ್ಲ. ನೂರು ವರ್ಷಗಳ ಮೇಲೂ ಈ ಚಿತ್ರದ ಹೆಸರು ಹೇಳಿದೊಡನೆ ಜನರ ಕಣ್ಣಿಗೆ ಕಟ್ಟುವುದು ಆ ನೆರಳೇ ಆಗಿರುವುದು ಆಕಸ್ಮಿಕವಲ್ಲ.

ಇನ್ನು ಎಲೆನಳ ಪಾತ್ರವನ್ನು ಕುರಿತು. ಭಯವು ಸ್ತ್ರೀಯರಿಗೂ ಅಧಮಪ್ರಕೃತಿಯವರಿಗೂ ಸೇರಿದ ಭಾವವೆಂದು ಭರತನು ವಿಧಿಸಿದ್ದಾನೆ. ಈ ಒಂದು ವಿಷಯದಲ್ಲಿ ಚಿತ್ರವು ಶಾಸ್ತ್ರಕ್ಕೆ ಎದುರು ನಿಲ್ಲುತ್ತದೆ. ಇಲ್ಲಿ ಹೆದರಿ ಕಣ್ಣು ಮುಚ್ಚಿಕೊಳ್ಳುವವರು ಗಂಡಸರು. ವ್ಯಾಂಪೈರುಗಳನ್ನು ಕುರಿತ ಪುಸ್ತಕವನ್ನು ಹುಟ್ಟರನು ಮೊದಲು ನಕ್ಕು ನೆಲಕ್ಕೆ ಎಸೆಯುತ್ತಾನೆ. ಪ್ರೇತವು ಕೋಣೆಯ ಬಾಗಿಲಿಗೆ ಬಂದು ನಿಂತಾಗ ಹಾಸಿಗೆಯಲ್ಲಿ ಹೊದಿಕೆಯೊಳಗೆ ಮುಖ ಹುದುಗಿಸಿಕೊಳ್ಳುತ್ತಾನೆ. ಊರಿಗೆ ಮರಳಿದ ಮೇಲೆ, ಆ ಪುಸ್ತಕವನ್ನು ಮುಟ್ಟಬಾರದೆಂದು ಹೆಂಡತಿಯಿಂದ ಮಾತು ತೆಗೆದುಕೊಳ್ಳುತ್ತಾನೆ. ಪಂಡಿತರು ಹಡಗಿನ ದಿನಚರಿಯನ್ನು ಓದಿ ಪ್ಲೇಗೆಂದು ಹೆಸರಿಡುತ್ತಾರೆ. ಹೆಸರಿಟ್ಟದ್ದರಿಂದ ಒಬ್ಬನೂ ಬದುಕುವುದಿಲ್ಲ. ಎಲೆನ್ ಒಬ್ಬಳು ಪುಸ್ತಕವನ್ನು ತೆರೆದು ಓದುತ್ತಾಳೆ. ಕಿಟಕಿಯ ಬಳಿ ನಿಂತು ಶವಗಳ ಸಾಲನ್ನು ನೋಡುತ್ತಾಳೆ. ಎದುರು ಮನೆಯ ಸರಳುಗಳ ಹಿಂದೆ ನಿಂತಿರುವ ಆ ಆಕಾರವನ್ನು ಕಣ್ಣು ಕದಲಿಸದೆ ನೋಡುತ್ತಾಳೆ. ಅವಳಿಗೆ ಭಯವಿಲ್ಲವೆಂದಲ್ಲ; ಅವಳ ಭಯದಷ್ಟು ತೀವ್ರವಾದುದು ಯಾರಲ್ಲಿಯೂ ಇಲ್ಲ. ಆದರೆ ಅವಳ ಭಯ ಓಡುವುದಿಲ್ಲ. ನಾಕನ ಮೇಲೆ ಕಲ್ಲೆಸೆಯುವುದಿಲ್ಲ. ಕೊನೆಗೆ ಅವಳು ತನ್ನ ಕೈಯಿಂದಲೇ ಕಿಟಕಿಯನ್ನು ತೆರೆಯುತ್ತಾಳೆ. ಊರೆಲ್ಲ ಮುಚ್ಚಿಕೊಂಡಿರುವಾಗ ತೆರೆದ ಆ ಒಂದು ಕಿಟಕಿಯಿಂದಲೇ ಊರಿಗೆ ಬಿಡುಗಡೆ.

ಹೆಣ್ಣಿನ ಬಲಿಯಿಂದ ಊರನ್ನು ಉಳಿಸುವ ಕಥೆಗಳು ಹಲವಿವೆ. ಅವುಗಳಲ್ಲಿ ಗಂಡಸರು ತಮ್ಮ ಹೊಣೆಯನ್ನು ಅವಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆಂಬ ಆಕ್ಷೇಪಣೆಯನ್ನು ಇಲ್ಲಿಯೂ ಎತ್ತಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಎಲೆನಳನ್ನು ಇಲ್ಲಿ ಯಾರೂ ಬಲಿಯಾಗಿ ಆರಿಸಲಿಲ್ಲ; ಅವಳು ಮಾಡಿದ್ದು ಯಾರಿಗೂ ತಿಳಿಯದು ಕೂಡ. ಊರು ಅವಳಿಗೆ ಕೃತಜ್ಞವಾಗುವುದನ್ನು ಚಿತ್ರವು ತೋರಿಸುವುದಿಲ್ಲ, ಆರತಿಯಿಲ್ಲ, ಜಯಕಾರವಿಲ್ಲ. ಗಂಡನು ಬಂದ ಮೇಲೆ ಅವನ ತೋಳಿನಲ್ಲಿ ಅವಳು ತೀರಿಕೊಳ್ಳುತ್ತಾಳೆ, ಅನಂತರ ಒಂದು ಪಾಳುಕೋಟೆಯ ನೋಟ, ಅಷ್ಟಕ್ಕೆ ಮುಗಿಯಿತು. ಈ ಮಿತಭಾಷಿತ್ವವು ಕಥೆಯನ್ನು ಉಪದೇಶವಾಗದಂತೆ ಕಾಪಾಡಿದೆ.

ಬಿಸಿಲಿನಿಂದ ವ್ಯಾಂಪೈರಿಗೆ ಸಾವೆಂಬ ಕಲ್ಪನೆಯ ಮಾತನ್ನೂ ಇಲ್ಲಿ ಹೇಳಬೇಕು. ಸ್ಟೋಕರನ ಡ್ರಾಕುಲನು ಹಗಲಿನಲ್ಲಿಯೂ ತಿರುಗಾಡಬಲ್ಲನು. ಅವನ ಶಕ್ತಿ ಹಗಲು ಕುಗ್ಗುತ್ತದೆ, ಅಷ್ಟೆ. ಸೂರ್ಯನ ಕಿರಣ ತಾಗಿದ ಮಾತ್ರಕ್ಕೆ ಪ್ರೇತವು ಕರಗುವುದೆಂಬುದು ಈ ಚಿತ್ರದಿಂದ ಹರಡಿ, ಅನಂತರದ ಲೆಕ್ಕವಿಲ್ಲದಷ್ಟು ಕಥೆಗಳಿಗೆ ನಿಯಮವೇ ಆಯಿತು. ಬೆಳಕಿನ ಕಲೆಯಾದ ಚಲಚ್ಚಿತ್ರಕ್ಕೆ ಇದಕ್ಕಿಂತ ಉಚಿತವಾದ ಸಂಹಾರವನ್ನು ಊಹಿಸುವುದು ಕಷ್ಟ. ರಾತ್ರಿಯ ದೃಶ್ಯಗಳನ್ನು ಅಂದು ಹಗಲಿನಲ್ಲಿಯೇ ತೆಗೆದು, ಫಿಲ್ಮಿಗೆ ನೀಲಿಯ ಬಣ್ಣ ಕೊಟ್ಟು ರಾತ್ರಿಯೆಂದು ಸೂಚಿಸುತ್ತಿದ್ದರು. ಬಹುಕಾಲ ಬಣ್ಣವಿಲ್ಲದ ಪ್ರತಿಗಳೇ ಪ್ರಚಾರದಲ್ಲಿದ್ದುದರಿಂದ, ಬಿಸಿಲಿಗೆ ಸಾಯಬೇಕಾದ ಪ್ರೇತವು ನಡುಹಗಲಿನಲ್ಲಿ ಪೆಟ್ಟಿಗೆ ಹೊತ್ತು ಬೀದಿಯಲ್ಲಿ ನಡೆಯುವಂತೆ ಕಾಣುತ್ತಿತ್ತು. ಪ್ಯಾರಿಸಿನ ಚಿತ್ರಭಂಡಾರದಲ್ಲಿ ಉಳಿದಿದ್ದ ಬಣ್ಣದ ಒಂದು ಹಳೆಯ ಪ್ರತಿಯ ಸಹಾಯದಿಂದ ತಜ್ಞರು ಚಿತ್ರವನ್ನು ಸರಿಪಡಿಸಿದ ಮೇಲೆ, ನೀಲಿಯ ರಾತ್ರಿಯೂ ನಸುಗೆಂಪಿನ ಬೆಳಗೂ ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಬಂದವು. ಹೀಗೆ ಚಿತ್ರದ ಅರ್ಥದ ಒಂದು ಭಾಗವೇ ಮರಳಿ ಬಂದಂತಾಯಿತು.

ಈ ಕಥೆಯನ್ನು ಮತ್ತೆ ಹೇಳುವ ಆಸೆ ಅನೇಕರಿಗೆ ಆಗಿದೆ. 1979ರಲ್ಲಿ ವೆರ್ನರ್ ಹೆರ್ಟ್ಸೋಗನೂ 2024ರಲ್ಲಿ ಅಮೆರಿಕದ ರಾಬರ್ಟ್ ಎಗ್ಗರ್ಸನೂ ಇದನ್ನು ಹೊಸದಾಗಿ ಚಿತ್ರಿಸಿದರು. 2000ರಲ್ಲಿ ಹೊರಬಂದ ಇನ್ನೊಂದು ಚಿತ್ರವು, ಶ್ರೆಕನು ನಟನೇ ಅಲ್ಲ, ನಿಜವಾದ ಪ್ರೇತವೆಂದು ವಿನೋದವಾಗಿ ಕಲ್ಪಿಸಿತು. ಹೆರ್ಟ್ಸೋಗನ ಪ್ರೇತವು ಸಾಯಲಾರದೆ ಬಳಲುವ ದುಃಖಿ. ಅಲ್ಲಿ ಭಯಾನಕವು ಕರುಣಕ್ಕೆ ತಿರುಗಿತು. ಬಲಿಯಾದ ಮೇಲೂ ಕೇಡು ಅಳಿಯದೆ ಗಂಡನ ಮೈಯಲ್ಲಿ ಸೇರಿ ಮುಂದಕ್ಕೆ ಸವಾರಿ ಹೊರಡುತ್ತದೆ. ಎಗ್ಗರ್ಸನು ಎಲೆನಳಿಗೂ ಪ್ರೇತಕ್ಕೂ ಇರುವ ಸೆಳೆತವನ್ನೇ ಮುಂದಕ್ಕೆ ತಂದನು. ಇವು ತಮ್ಮಷ್ಟಕ್ಕೆ ಗಣ್ಯವಾದ ಕೃತಿಗಳು. ಆದರೆ ಎರಡರಲ್ಲಿಯೂ ಪ್ರೇತಕ್ಕೆ ಮನಸ್ಸು ಬಂದಿದೆ, ಮಾತು ಬಂದಿದೆ. ಅದಕ್ಕೊಂದು ಬಯಕೆ, ಒಂದು ಅಳಲು ಇದೆ. ಪ್ರೇತದ ಮನಸ್ಸು ತಿಳಿದಷ್ಟೂ ಅದರ ಭಯವು ಅದಕ್ಕೇ ಸೇರಿದ್ದಾಗುತ್ತದೆ. ಮೂಕಚಿತ್ರದ ಆರ್ಲಾಕನು ಏನು ಯೋಚಿಸುತ್ತಾನೆಂದು ಯಾರಿಗೂ ತಿಳಿಯದು. ಅವನ ಮೌನವು ಕಾಲದ ಮೌನ.

ಭಯಪಡಿಸುವ ಕಲೆಯನ್ನು ಗಂಭೀರವಾದ ಮನೆಗಳಲ್ಲಿ ಕೀಳಾಗಿ ಎಣಿಸುವುದು ರೂಢಿ. ಬೆಚ್ಚಿಸುವುದೊಂದೇ ಗುರಿಯಾದ ಕೃತಿಗಳಿಗೆ ಆ ಎಣಿಕೆ ಸಲ್ಲತಕ್ಕದ್ದೇ. ಆದರೆ ಕತ್ತಲೆಯಾದ ಒಂದು ಕೊಠಡಿಯಲ್ಲಿ ಗುರುತಿಲ್ಲದ ನೂರು ಜನ ಒಟ್ಟಿಗೆ ಕುಳಿತು, ಯಾರ ಮೇಲೆಯೂ ಕಲ್ಲೆಸೆಯದೆ, ಯಾರನ್ನೂ ಬೆಟ್ಟುಮಾಡದೆ, ಒಂದೂವರೆ ಗಂಟೆ ಭಯವನ್ನು ನೆಟ್ಟ ನೋಟದಿಂದ ನೋಡುವುದು ಅಲ್ಪವಾದ ಸಂಸ್ಕಾರವಲ್ಲ. ಆ ಹೊತ್ತಿನಲ್ಲಿ ಅವರು ವಿಸ್‌ಬೋರ್ಗಿನ ಬೀದಿಯ ಗುಂಪಿಗೆ ಸೇರಿದವರಲ್ಲ. ಎಲೆನಳೊಡನೆ ಕಿಟಕಿಯ ಬಳಿ ನಿಂತವರು. ಬಲ್ಲ ಕಥೆಯನ್ನೇ ನೋಡಲು ಅವರು ಮತ್ತೆ ಮತ್ತೆ ಬರುವುದು ಆ ಸ್ಥಾನಕ್ಕಾಗಿ. ಹೊರಗೆ ಬಂದ ಮೇಲೆ ಬೀದಿಯಲ್ಲಿ ಯಾರಾದರೂ ಬೆದರುಗೊಂಬೆಯೊಂದನ್ನು ತೋರಿಸಿ ‘ಅಗೋ’ ಎಂದು ಕೂಗಿದಾಗ, ಅವರಲ್ಲಿ ಒಬ್ಬಿಬ್ಬರಾದರೂ ಓಡದೆ ನಿಂತು ನೋಡಿದರೆ, 1925ರ ತೀರ್ಪನ್ನು ಮೀರಿ ಈ ಚಿತ್ರವು ಬದುಕಿದ್ದು ಸಾರ್ಥಕ.